ಏಳು ಮಣ

೧೪-೧೧-೧೯೪೧, ಶುಕ್ರವಾರ. ಚನ್ನರಾಯಪಟ್ಟಣ.

ಇವತ್ತೂ ಏಳು ಮಣವೇ. ಮೂರು ತಿಂಗಳಿಂದ ಅರ್ಧ ಮುದ್ದೆ, ಬೆಳಿಗ್ಗೆ ಕೆರೆ ಏರಿಯ ಮೇಲೆ ನಡಿಗೆ. ನಮ್ಮ ಕೊಬ್ಬರಿ ಮಳಿಗೆಯ ದೊಡ್ಡ ತಕ್ಕಡಿಯಲ್ಲಿ ಕೂತು ತೂಗಿದರೆ ಒಂದು ಸೇರೂ ಇಳಿದಿಲ್ಲ. ಮದುವೆಯ ಕುಪ್ಪಸ ಪೆಟ್ಟಿಗೆಯಲ್ಲೇ ಇದೆ.

ಈ ಮೈ ಹೇಗೆ ಬಂತೆಂದು ನನಗೆ ಗೊತ್ತು. ತಟ್ಟೆಯಲ್ಲಿ ಉಳಿದದ್ದೂ ಪ್ರಸಾದ, ಚೆಲ್ಲಬಾರದು ಎಂದಿದ್ದರು ಅತ್ತೆ. ಐದು ಮಕ್ಕಳು ಬಿಟ್ಟೆದ್ದದ್ದನ್ನೆಲ್ಲ ಹದಿನೆಂಟು ವರ್ಷ ನಾನೇ ಬಳಿದು ತಿಂದೆ. ಹಸಿವಿತ್ತೋ ಇಲ್ಲವೋ, ನೆನಪಿಲ್ಲ. ಈಗ ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ, ಗಂಡುಮಕ್ಕಳು ಹಾಸನದ ಹಾಸ್ಟೆಲಿನಲ್ಲಿ. ಮೊನ್ನೆ ಏರಿಯ ಮೇಲೆ ಹುಡುಗಿಯಾಗಿದ್ದಾಗಿನ ಹಾಡೊಂದು ತಾನಾಗಿ ಬಾಯಿಗೆ ಬಂತು. ಆ ಹುಡುಗಿ ಇನ್ನೂ ನನ್ನೊಳಗಿದ್ದಾಳೆ ಅನ್ನಿಸಿತು.

ಇವತ್ತು ತಕ್ಕಡಿಯಿಂದ ಇಳಿದು ಮಳಿಗೆಯ ಬಾಗಿಲ ಹತ್ತಿರ ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಕೊಬ್ಬರಿ ಆರಿಸುವ ಮುದುಕಿ ಮರುಳಮ್ಮ ನನಗೆ ಬೆನ್ನುಹಾಕಿ, ತಕ್ಕಡಿಯತ್ತ ನೋಡುತ್ತ, “ಇಳೀರಿ ಅಮ್ಮಾವ್ರೇ, ಎಷ್ಟೊತ್ತು ಕುಂತಿರ್ತೀರಾ” ಅಂದಳು.

“ನಾನು ಇಲ್ಲಿದ್ದೀನಲ್ಲ, ಮರುಳಮ್ಮ.”

ತಿರುಗಿ ನನ್ನನ್ನು ನೋಡಿದಳು. “ಅಂಗಾದ್ರೆ ಅಲ್ಲಿ ಕುಂತಿರೋರ್ಯಾರು?”

ತಕ್ಕಡಿಯ ಆಚೆಯ ಹಲಗೆಯಲ್ಲಿ ಏಳು ಮಣದ ತೂಕದ ಕಲ್ಲುಗಳು ಹಾಗೇ ಇದ್ದವು. ಆದರೂ ನಾನು ಕೂತೆದ್ದಿದ್ದ ಈಚೆಯ ಬರಿ ಹಲಗೆ ನೆಲ ಬಿಟ್ಟು ಎದ್ದಿರಲಿಲ್ಲ.

ಸರಪಳಿ ಸಿಕ್ಕಿಕೊಂಡಿರಬೇಕು ಅಂದುಕೊಂಡು ಮನೆಗೆ ಬಂದುಬಿಟ್ಟೆ. ರಾತ್ರಿ ಅರ್ಧ ಮುದ್ದೆ ಉಂಡು, ಕೈ ತೊಳೆದು, ಉಳಿದರ್ಧವನ್ನು ಒಲೆಯ ಪಕ್ಕ ಮುಚ್ಚಿಟ್ಟೆ. ಈಗ ದೀಪ ಹಿಡಿದು ನೋಡಿದರೆ ಅದಿಲ್ಲ; ಮನೆಯಲ್ಲಿ ನಾನಲ್ಲದೆ ಇನ್ಯಾರೂ ಇಲ್ಲ. ಗೂಡಿನಲ್ಲಿ ಧೂಳು ಹಿಡಿದಿದ್ದ ಮಕ್ಕಳ ಐದು ತಟ್ಟೆಗಳಲ್ಲಿ ಒಂದು, ಬೆರಳಿನಿಂದ ಬಳಿದ ಹಾಗೆ ಚೊಕ್ಕಟವಾಗಿದೆ. ಇನ್ನೂ ಒದ್ದೆ.

ನನ್ನ ಬೆರಳನ್ನು ಮೂಸಿ ನೋಡಲು ಧೈರ್ಯವಾಗುತ್ತಿಲ್ಲ.