ಅಂಗಾಲು ಕಾಣದ ಮಂಗಳವಾರಗಳು

ಕಾನ್‌ಸ್ಟಂಟೀನ್
ಡಿಸೆಂಬರ್ 1, ಸೋಮವಾರ

ಪ್ರೀತಿಯ ತಾವುಸ್,

ನಿನಗೂ ಮನೆಯವರೆಲ್ಲರಿಗೂ ಸಲಾಮು. ನೀನು ಕಳಿಸಿದ ಕವಿತೆಯ ಪುಸ್ತಕ ಬಂದು ಎರಡು ತಿಂಗಳಾಯಿತು. ಕೈಸೇರಿತು ಎಂದು ಒಂದು ಸಾಲೂ ಬರೆಯಲಿಲ್ಲ. ಕ್ಷಮಿಸು ಎನ್ನಲು ನಾಚಿಕೆ. ತೆರೆದು ನೋಡಿದ್ದು ನಿಜ. ಕಣ್ಣು, ಕುರುಳು, ಕೊರಳು ಎಲ್ಲದರ ಮೇಲೂ ಬರೆದಿದ್ದಾರೆ, ಹಿಮ್ಮಡಿಯ ಮೇಲೆ ಒಬ್ಬರೂ ಬರೆದಿಲ್ಲ ಎಂದು ಸಿಡುಕಿ ಮುಚ್ಚಿಟ್ಟೆ. ನಾನೀಗ ಅಂಥ ಹೆಂಗಸಾಗಿದ್ದೇನೆ.

ವಸಂತದಿಂದ ನನಗೆ ಹೊಸ ಕೆಲಸ ಹಚ್ಚಿದ್ದಾರೆ. ಪ್ರತಿ ಮಂಗಳವಾರ ಆಸ್ಪತ್ರೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ನಾಲ್ಕುನೂರು ಕಿಲೋಮೀಟರ್ ದಕ್ಷಿಣಕ್ಕೆ, ತುಗ್ಗುರ್ತ್ ಕಡೆಯ ಖರ್ಜೂರದ ತೋಟದವರ ಕಾಲುಗಳನ್ನು ಪರದೆಯ ಮೇಲೆ ಪರೀಕ್ಷಿಸುವುದು. ಎಲ್ಲರೂ ಸಕ್ಕರೆ ಕಾಯಿಲೆಯವರು. ಪಾದದಲ್ಲಿ ಸ್ಪರ್ಶ ಸತ್ತಿರುತ್ತದೆ. ಮುಳ್ಳು ಹೊಕ್ಕರೂ ತಿಳಿಯದು. ಇಪ್ಪತ್ತು ವರ್ಷ ಕೈಯಿಂದ ಮುಟ್ಟಿ, ಮೂಗಿನಿಂದ ಮೂಸಿ ಗಾಯ ಗುರುತಿಸಿದವಳು ನಾನು. ಈಗ ಚಿತ್ರ ನಡುವೆಯೇ ಕಲ್ಲಾಗಿ ನಿಲ್ಲುತ್ತದೆ, ಕೆಂಪು ಬಣ್ಣ ಕಂದಾಗಿ ಕಾಣುತ್ತದೆ, ವಾಸನೆಯಂತೂ ತಂತಿಯಲ್ಲಿ ಬರುವುದೇ ಇಲ್ಲ.

ಅಕ್ಟೋಬರಿನಲ್ಲಿ ಹಾಜ್ ಮೆಬ್ರೂಕ್ ಎಂಬ ಎಪ್ಪತ್ತರ ಹಿರಿಯರು ಬಂದರು. ಬಂದರು ಅಂದರೆ, ಪರದೆಗೆ. ಬರಿಗಾಲಲ್ಲಿ ಖರ್ಜೂರದ ಮರ ಹತ್ತಿ ಗೊನೆ ಇಳಿಸುವವರು. ಪಕ್ಕದಲ್ಲಿ ಫೋನು ಹಿಡಿಯಲು ಸೊಸೆ ಮೆಸಊದಾ.

"ಹಾಶಾಕ್ ಮಗಳೇ, ನಿನ್ನ ಮರ್ಯಾದೆಗೆ ದೂರವಿರಲಿ, ಇದು ಕಾಲಿನ ಮಾತು," ಎಂದು ಶುರುಮಾಡಿದರು. "ಸ್ವಲ್ಪ ಊದ್ಕೊಂಡಿದೆ, ಅಷ್ಟೇ."

ತೊಳೆದು, ಆಲಿವ್ ಎಣ್ಣೆ ಸವರಿದ ಪಾದ ದಿಂಬಿನ ಮೇಲೆ ಮದುಮಗನ ಹಾಗೆ ಕೂತಿತ್ತು. ಬೆರಳು ನೋಡಿದೆ, ಕೀಲು ನೋಡಿದೆ. ಅಂಗಾಲು ತೋರಿಸಿ ಎಂದೆ.

"ಅಂಗಾಲಿಗೇನಾಗಿದೆ? ಐವತ್ತು ವರ್ಷ ಮರ ಹತ್ತಿದ್ದು. ಒಂಟೆನೇ ಬಂದು, ಅಣ್ಣಾ, ಇದನ್ನ ಎಲ್ಲಿ ಮಾಡಿಸ್ದೆ ಅಂತ ಕೇಳತ್ತೆ."

"ಬಿಡಿ ಡಾಕ್ಟ್ರೇ," ಎಂದಳು ಮೆಸಊದಾ. "ಈ ಮನೇಲಿ ಮಾವನ ಮಾತು, ಮಾವನ ಮರ, ಎರಡೂ ಬಗ್ಗಲ್ಲ."

ಮೂರು ಮಂಗಳವಾರ ಇದೇ ನಡೆಯಿತು. ಊತ ಇಳಿಯಲಿಲ್ಲ. ನಾನು ಔಷಧಿ ಬದಲಿಸಿದೆ, ಉಪ್ಪು ಬಿಡಿ ಎಂದೆ. ಅಂಗಾಲಿನ ಎದುರು "ತೊಂದರೆಯಿಲ್ಲವೆಂದು ರೋಗಿಯ ಹೇಳಿಕೆ" ಎಂದು ದಾಖಲಿಸಿದೆ.

ನಾಲ್ಕನೆಯ ಮಂಗಳವಾರ ನನ್ನ ಕಡೆಯ ಕ್ಯಾಮೆರಾ ಕೆಟ್ಟಿತು.

"ಡಾಕ್ಟ್ರೇ, ನಿಮ್ಮ ಮುಖ ಕಾಣ್ತಿಲ್ಲ. ಬರೀ ಕಪ್ಪು," ಎಂದಳು ಮೆಸಊದಾ.

"ನನಗೆ ನೀವು ಕಾಣ್ತೀರಿ. ಮಾತೂ ಕೇಳತ್ತೆ, ಸಾಕು," ಎಂದೆ.

ಹಾಜ್ "ಹಾಗಾದ್ರೆ ಸರಿಯಾಗಿ ಹಿಡಿಯಮ್ಮ" ಎಂದು ಸೊಸೆಗೆ ಹೇಳಿ, ನಿರಾಳವಾಗಿ ಕಾಲೆತ್ತಿದರು. ಅಂಗಾಲಿನ ನಡುವೆ ಖರ್ಜೂರದ ಬೀಜದಷ್ಟು ತೂತು. ಸುತ್ತ ಕಪ್ಪು. ಒಳಗೆ ಮುರಿದ ಮುಳ್ಳಿನ ತುದಿ.

"ಇಷ್ಟು ದಿನ ಯಾಕೆ ತೋರಿಸಲಿಲ್ಲ?" ನನ್ನ ದನಿ ಏರಿತ್ತು.

"ನಿನ್ನ ಮುಖ ಎದುರಿಗಿತ್ತಲ್ಲ ತಾಯಿ. ಓದಿದ ಹೆಣ್ಮಗಳು, ಅತಿಥಿ ಹಾಗೆ ನಮ್ಮನೆಗೆ ಬಂದಿದ್ದೆ. ಮುಖಕ್ಕೆ ಅಂಗಾಲು ಹಿಡಿಯೋಕೆ ನಮಗೂ ನಿಂಗೂ ಏನು ಜಗಳ?"

ಅಂದೇ ತುಗ್ಗುರ್ತ್ ಆಸ್ಪತ್ರೆಗೆ ಸಾಗಿಸಿದೆವು. ವಿಷ ಮೂಳೆಗೆ ಇಳಿದಿತ್ತು. ಮೊಣಕಾಲಿನ ಕೆಳಗೆ ಕತ್ತರಿಸಿದರು, ತಾವುಸ್.

ಮುಂದಿನ ವಾರ ಕ್ಯಾಮೆರಾ ರಿಪೇರಿಯಾಗಿ ಬಂತು. ಅದರ ಮೇಲೆ ನಾನೇ ನನ್ನ ತಲೆವಸ್ತ್ರ ಹೊದಿಸಿದೆ. ಹದಿನೇಳು ಜನ ಬಂದಿದ್ದರು; ಹದಿನೇಳು ಜನವೂ ಅಂಗಾಲು ತೋರಿಸಿದರು. ನಾಲ್ವರಲ್ಲಿ ಗಾಯವಿತ್ತು, ನಾಲ್ಕೂ ವಾಸಿಯಾಗುವಂಥವು. ಅಷ್ಟು ಸಂತೋಷ ನನಗೆ ಈ ವರ್ಷದಲ್ಲಿ ಆಗಿರಲಿಲ್ಲ. ಗುರುವಾರ ಅಲ್ಜಿಯರ್ಸ್‌ನ ಆರೋಗ್ಯ ಇಲಾಖೆಯ ಕಚೇರಿಯಿಂದ ಫೋನು ಬಂತು.

"ಮೇಡಂ, ವೈದ್ಯರ ಮುಖ ಕಾಣದಿದ್ದರೆ ಅದು ತಪಾಸಣೆ ಅಂತ ಲೆಕ್ಕಕ್ಕೆ ಬರಲ್ಲ."

"ಕಾಣಬೇಕಾದ್ದು ನನ್ನ ಮುಖ ಅಲ್ಲ ಸ್ವಾಮೀ, ಅವರ ಕಾಲು."

"ಕಾಲು ಕಾಣಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ."

ನಗಬೇಡ, ಅದೇ ಪದಗಳಲ್ಲಿ ಹೇಳಿದ. ಮೂರು ಮನವಿ ಬರೆದೆ. ಉತ್ತರವಾಗಿ ಊರೂರಿಗೆ ಭಿತ್ತಿಪತ್ರ ಹಂಚಿದರು: ಸೂಟು ತೊಟ್ಟ ಒಬ್ಬ ನಗುನಗುತ್ತ ಪರದೆಯ ಮೇಲಿನ ವೈದ್ಯೆಯ ಮೂಗಿನ ನೇರಕ್ಕೆ ಕಾಲು ಎತ್ತಿದ್ದಾನೆ. ಮೆಸಊದಾ ಫೋನು ಮಾಡಿ ಕೇಳಿದಳು: "ಯಾರ ಮನೆ ಮಗ ಡಾಕ್ಟ್ರೇ ಇವನು? ತಾಯಿ ಇಲ್ಲದೆ ಬೆಳೆದನಾ?" ಕಳೆದ ವಾರ ವಸ್ತ್ರ ತೆಗೆಸಿದರು. ಹದಿನಾರು ಜನರಲ್ಲಿ ಅಂಗಾಲು ತೋರಿಸಿದವರು ಇಬ್ಬರು. ಉಳಿದ ಹದಿನಾಲ್ಕು ಜನರ ಅಂಗಾಲುಗಳಲ್ಲಿ ಏನಿದೆಯೋ, ಆ ದೇವರಿಗೇ ಗೊತ್ತು. ಮನೆಗೆ ಬಂದು ಎಲ್ಲರ ಮೇಲೂ ರೇಗುತ್ತೇನೆ, ಚಹಾದ ಲೋಟದ ಮೇಲೂ.

ನಾಳೆ ಮಂಗಳವಾರ. ತಲೆವಸ್ತ್ರ ಚೀಲದಲ್ಲಿಟ್ಟುಕೊಂಡಿದ್ದೇನೆ. ಕೆಲಸದಿಂದ ತೆಗೆದರೆ ನಿನ್ನ ಮನೆಗೇ ಬರುತ್ತೇನೆ, ಒಂದು ಹಾಸಿಗೆ ಬಿಸಿಲಿಗೆ ಹಾಕಿಡು.

ನಿನ್ನ ಒಲೆ ಬೆಚ್ಚಗಿರಲಿ, ನಿನ್ನ ಮಕ್ಕಳು ಎಡವದೆ ನಡೆಯಲಿ. ಅಮ್ಮನ ಕೈಗೆ ನನ್ನ ಮುತ್ತು.

ನಿನ್ನ
ಝುಲೀಖಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ತಲೆವಸ್ತ್ರ ಹೊದಿಸಿದ್ದರ ವಿಚಾರಣೆಗೆಂದು ಕಚೇರಿಯವರು ನನ್ನ ತಪಾಸಣೆಗಳ ವೀಡಿಯೊಗಳನ್ನೆಲ್ಲ ಕಳಿಸಿದ್ದರು. ಮೂರನೆಯ ಮಂಗಳವಾರದ್ದನ್ನು ಏಳು ಸಲ ನೋಡಿದ್ದೇನೆ. ಅದರಲ್ಲಿ ಹಾಜ್ ತಗ್ಗಿದ ದನಿಯಲ್ಲಿ ಹೇಳುತ್ತಾರೆ: "ಮಗಳೇ, ನೀನು ಒಂದು ಗಳಿಗೆ ಮುಖ ಆ ಕಡೆ ತಿರುಗಿಸಿಕೊಂಡ್ರೆ, ನಾನು ಇದನ್ನೂ ಸ್ವಲ್ಪ..." ನಾನು ಕಾಗದದಿಂದ ತಲೆಯನ್ನೇ ಎತ್ತದೆ, "ಹಾಜ್, ಸಾಲಲ್ಲಿ ಇನ್ನೂ ಹದಿಮೂರು ಜನ ಕಾಯ್ತಿದ್ದಾರೆ" ಎನ್ನುತ್ತೇನೆ. ಅವರು ಕಾಲನ್ನು ಮೆಲ್ಲನೆ ನಿಲುವಂಗಿಯೊಳಗೆ ಎಳೆದುಕೊಳ್ಳುತ್ತಾರೆ. ತಂದೆಯ ಎದುರು ಕಾಲು ಮಡಿಸಿ ಕೂತು ಬೆಳೆದವಳು ನಾನು. ನನಗೆ ಅದು ಅರ್ಥವಾಗಬೇಕಿತ್ತು. ಆಮೇಲೆ ಅವರು "ತೊಂದರೆ ಕೊಟ್ಟೆ, ಕ್ಷಮಿಸು ತಾಯಿ" ಎನ್ನುತ್ತಾರೆ. ನಾನು "ಪರವಾಗಿಲ್ಲ" ಎಂದು ಮುಂದಿನವರನ್ನು ಕರೆಯುತ್ತೇನೆ.