ಒಪ್ಪತ್ತಿನ ದಿನದ ಗುಳಿಗೆ

ಹೊನ್ನಾಳಿ
18-11-2025, ಮಂಗಳವಾರ

ನನ್ನ ಪ್ರೀತಿಯ ಅವ್ವನಿಗೆ,

ಫೋನಿದ್ದೂ ಕಾಗದ ಬರೆದಿದ್ದಾಳಲ್ಲ ಎಂದು ನಗಬೇಡ. ಫೋನ್ ಹಿಡಿದರೆ ನಮ್ಮತ್ತೆ ಪಕ್ಕಕ್ಕೆ ಬಂದು ಕೂರುತ್ತಾರೆ, ಸ್ಪೀಕರ್ ಹಾಕು ಅನ್ನುತ್ತಾರೆ, ಆಮೇಲೆ ಮಾತೆಲ್ಲ ಅವರದೇ. ಅವರ ವಿಷಯವನ್ನು ಅವರ ಎದುರಿಗೇ ಹೇಗೆ ಹೇಳಲಿ?

ಮೊದಲು ಒಳ್ಳೆಯ ಸುದ್ದಿ. ಅತ್ತೆಯ ಕಾಲಿನ ಹುಣ್ಣು ಮಾಯ್ದಿದೆ. ಇನ್ನು ಹೆಬ್ಬೆರಳು ತೆಗೆಯುವ ಮಾತೇ ಇಲ್ಲ ಎಂದು ಡಾಕ್ಟರ್ ನಿನ್ನೆ ಹೇಳಿದರು. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. "ಬೆರಳು ನಂದು, ನೀನ್ಯಾಕೆ ಅಳ್ತೀಯ?" ಎಂದು ಅತ್ತೆ ಗದರಿದರು. ಗದರಿ, ತಮ್ಮ ಸೆರಗಿನಿಂದಲೇ ನನ್ನ ಮುಖ ಒರೆಸಿದರು.

ಇದು ನಿನ್ನಿಂದ ಆದದ್ದು ಅವ್ವ. ನೀನು ಬರುವ ಮುಂಚೆ ಈ ಮನೆಯಲ್ಲಿ ದಿನಾ ಜಗಳ. ಸಕ್ಕರೆ ಕಾಯಿಲೆ ಹತೋಟಿಗೆ ಬರದಿದ್ದರೆ ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರ್ ಹೆದರಿಸಿದ್ದರು. ಅತ್ತೆಯೋ, ಒಂದು ವಾರ ಗುಳಿಗೆ ನುಂಗುವುದು, ಒಂದು ದಿನ ತಲೆ ತಿರುಗಿತೆಂದು ಮುಂದಿನ ವಾರವೆಲ್ಲ ಮುಟ್ಟದಿರುವುದು. "ಈ ಗುಳಿಗೆ ನನ್ನ ಮೈಗೆ ಆಗಿಬರಲ್ಲ, ಒಲ್ಲೆ ಅಂದ್ರೆ ಒಲ್ಲೆ!" ನಿನ್ನ ಅಳಿಯ ಓಬಳೇಶ್ ಕೂಗಾಡುತ್ತಿದ್ದರು. ನಾನು ಕೈಗೆ ಕೊಟ್ಟು ಎದುರಿಗೇ ನಿಂತರೂ, ನುಂಗಿದ ಹಾಗೆ ಮಾಡಿ ದಾಸವಾಳದ ಬುಡಕ್ಕೆ ಹಾಕಿ ಬರುತ್ತಿದ್ದರು. ಆ ಗಿಡಕ್ಕಂತೂ ಸಕ್ಕರೆ ಕಾಯಿಲೆ ಬರಲಾರದು.

ದಸರಾ ಮುಗಿಸಿ ನೀನು ಬಂದೆ. ಬೀಗತಿಯ ಮುಂದೆ ಮರ್ಯಾದೆ ಹೋಗಬಾರದೆಂದು ಅತ್ತೆ ಆ ವಾರ ಚಾಚೂ ತಪ್ಪದೆ ಗುಳಿಗೆ ತೆಗೆದುಕೊಂಡರು. ಸೋಮವಾರ ಸಂಜೆ ಎಮ್ಮೆಗೆ ಹುಲ್ಲು ಹಾಕುತ್ತಿದ್ದವರು ಗೋಡೆ ಹಿಡಿದು ಕುಸಿದು ಕೂತರು. ಮೈಯೆಲ್ಲ ಬೆವರು, ಕೈ ನಡುಕ. ನಾನು ದಿಕ್ಕು ತೋಚದೆ ಗಾಳಿ ಬೀಸುತ್ತಿದ್ದೆ. ನೀನು ನಿನ್ನ ಚೀಲದಿಂದ ಕಲ್ಲುಸಕ್ಕರೆ ತೆಗೆದು ಅವರ ಬಾಯಿಗೆ ಹಾಕಿದೆ. ಯಾವುದೋ ದೇವರ ಪ್ರಸಾದವಿರಬೇಕು ಎಂದುಕೊಂಡೆ ನಾನು. ಅವರು ಸುಧಾರಿಸಿಕೊಂಡ ಮೇಲೆ ನೀನು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ: "ಇವತ್ತು ಒಪ್ಪತ್ತಲ್ಲ ಬೀಗ್ತಿ, ರಾತ್ರಿ ಗುಳಿಗೆ ಹೆಂಗೆ ಮಾಡ್ತೀರಿ?"

"ಊಟ ಆದ್ಮ್ಯಾಲೆ ನುಂಗು ಅಂದಾರೆ. ರಾತ್ರಿ ಊಟನೇ ಇಲ್ವಲ್ಲ. ಅದ್ಕೆ ಮಧ್ಯಾಹ್ನದ ಒಂದೂಟಕ್ಕೇ ಎರಡೂ ನುಂಗಿಬಿಡ್ತೀನಿ. ಡಾಕ್ಟ್ರ ಮಾತು ಮೀರಬಾರದು ನೋಡ್ರಿ."

ಓಬಳೇಶ್ ಹಣೆ ಚಚ್ಚಿಕೊಂಡರು. ನಾವೆಲ್ಲ ಅವರನ್ನು ಮೊಂಡು ಎಂದುಕೊಂಡಿದ್ದೆವು. ಪಾಪ, ಅವರು ತಿಪ್ಪೇಸ್ವಾಮಿಗೆ ಹೊತ್ತ ಸೋಮವಾರದ ಒಪ್ಪತ್ತಿನ ಹರಕೆಯನ್ನೂ ಡಾಕ್ಟರ ಮಾತನ್ನೂ ಎರಡನ್ನೂ ಉಳಿಸಿಕೊಳ್ಳಲು ಹೋಗಿದ್ದರು.

ಮರುದಿನ ನೀನೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡನ್ನು ಒಟ್ಟಿಗೆ ಎಂದೂ ನುಂಗಬಾರದು, ಒಪ್ಪತ್ತನ್ನೇ ಬಿಟ್ಟರೆ ಒಳ್ಳೆಯದು ಎಂದರು ಡಾಕ್ಟರ್. ಅತ್ತೆಯ ಮುಖ ಸಣ್ಣಗಾಯಿತು. ಆಗ ನೀನು, "ರಾತ್ರಿ ಅವಲಕ್ಕಿ ತಿನ್ರಿ. ಅನ್ನ, ಮುದ್ದೆ ಮುಟ್ಟದಿದ್ರೆ ಒಪ್ಪತ್ತು ಕೆಡಲ್ಲ" ಎಂದೆ. ಹೊಟ್ಟೆಗೆ ಬಿದ್ದರೆ ಸಾಕು ಎಂದು ಡಾಕ್ಟರೂ ಒಪ್ಪಿ, ಆ ದಿನ ಹೇಗೆ ನುಂಗಬೇಕೆಂದು ಬಿಡಿಸಿ ಹೇಳಿದರು. ಅಂದಿನಿಂದ ತಲೆ ತಿರುಗಿಲ್ಲ, ದಾಸವಾಳದ ಬುಡಕ್ಕೆ ಬರೀ ನೀರು.

ಅವ್ವ, ನಾನು ಬೈದೆ, ಕಾವಲು ಕಾದೆ. ಯಾಕೆ ಒಲ್ಲೆ ಅನ್ನುತ್ತೀರಿ ಎಂದು ಕೂತು ಕೇಳಿದವಳು ನೀನೊಬ್ಬಳೇ. ನಿನ್ನ ಈ ಉಪಕಾರವನ್ನು ನಾನು ಮರೆಯುವುದಿಲ್ಲ.

ನಿನ್ನ ಜಗಳಗಂಟಿ ಮಗಳು,
ದುರ್ಗಾಂಬಿಕಾ

ತಾ.ಕ.: ಕಾಗದ ಮಡಚುವಾಗ ಅತ್ತೆ ಬಂದು, ಯಾರಿಗೆ ಎಂದು ಕೇಳಿ, ಪಕ್ಕದಲ್ಲಿ ಕೂತು ಹೇಳಿದರು: "ನಿಮ್ಮವ್ವಗೂ ಸಕ್ರೆ ಕಾಯ್ಲೆ ಐತೆ. ಅವ್ರೂ ನನ್ನಂಗೆ ಸೋಮವಾರ ಒಪ್ಪತ್ತು ಮಾಡಿ, ಒಂದೂಟಕ್ಕೆ ಎರಡು ನುಂಗಿ ಹೊಲದಾಗೆ ಬಿದ್ದಿದ್ರಂತೆ. ನಿನಗೆ ಹೇಳಬ್ಯಾಡ ಅಂತ ಆಣೆ ಹಾಕಿಸ್ಕಂಡಿದ್ರು." ನಿನ್ನ ಕಲ್ಲುಸಕ್ಕರೆ ಯಾವ ದೇವರದೆಂದು ಈಗ ಗೊತ್ತಾಯಿತು. ಆಣೆ ಮುರಿದದ್ದಕ್ಕೆ ಅತ್ತೆ ತಪ್ಪುಕಾಣಿಕೆ ಕಟ್ಟಿಟ್ಟಿದ್ದಾರೆ. ಇನ್ನು ಮೇಲೆ ಸೋಮವಾರ ರಾತ್ರಿ ಅವಲಕ್ಕಿ ತಟ್ಟೆ ಮುಂದಿಟ್ಟುಕೊಂಡು ನಿನಗೆ ಫೋನ್ ಮಾಡುತ್ತಾರಂತೆ. ನೀನು "ನಾನೂ ತಟ್ಟೆ ಮುಂದೆ ಕೂತಿದ್ದೀನಿ, ಗುಳಿಗೆ ಕೈಯಲ್ಲಿದೆ" ಎನ್ನುವವರೆಗೆ ಅವರು ತುತ್ತು ಎತ್ತುವುದಿಲ್ಲವಂತೆ. ಅವರ ಹಟ ನಿನಗೆ ಗೊತ್ತಲ್ಲ. ಫೋನ್ ಎತ್ತು, ಅವ್ವ.