ನಾನೇ ಕೊಟ್ಟ ಗುಳಿಗೆ

ಗೋರೆಗಾಂವ್, ಮುಂಬಯಿ
೧೨-೨-೨೦೨೪

ಪ್ರೀತಿಯ ಗೆಳತಿ ಮಲ್ಲವ್ವಗೆ ನಿನ್ನ ಚಂದ್ರವ್ವ ಮಾಡುವ ಶರಣು.

ನಿನ್ನ ಮಗಳಿಗೆ ಹೆರಿಗೆಯಾದ ಸುದ್ದಿ ತಿಳಿದು ತಿಂಗಳಾಯಿತು. ಒಂದು ಮಾತೂ ಆಡಲಿಲ್ಲವೆಂದು ಸಿಟ್ಟಾಗಬೇಡ. ಫೋನು ಮಾಡಬಹುದಿತ್ತು. ಆದರೆ ನಮ್ಮದು ಒಂದೇ ರೂಮು, ಆಡಿದ್ದೆಲ್ಲ ಎಲ್ಲರ ಕಿವಿಗೂ ಬೀಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯವರು ಸಾಯುವುದರಲ್ಲಿದ್ದರು, ಉಳಿದುಕೊಂಡರು. ಈಗ ಎರಡು ರೊಟ್ಟಿ ಉಣ್ಣುತ್ತಾರೆ.

ಅವರಿಗೆ ಬಿ.ಪಿ. ಇರುವುದು ನಿನಗೆ ಗೊತ್ತು. ಹಳೆಯ ಗುಳಿಗೆ ಸಾಲದೆಂದು ಡಾಕ್ಟರು ಹೆಚ್ಚು ಪವರಿನದು ಬರೆದುಕೊಟ್ಟರು. ಹಳೆಯದು ಬಿಳಿ, ಹೊಸದು ಹಳದಿ. ಹೆಸರು ಇಂಗ್ಲಿಷಿನಲ್ಲಿ. ಬೇರೆ ಬೇರೆ ಔಷಧವೆಂದುಕೊಂಡು ನಾನು ಎರಡನ್ನೂ ಕೊಡುತ್ತ ಬಂದೆ. ಐದನೆಯ ದಿನ, ಭಾನುವಾರ, ತಲೆನೋವು ಅಂದರು. ಬಿ.ಪಿ. ಏರಿರಬೇಕೆಂದು ಎರಡೆರಡು ಕೊಟ್ಟೆ. ಇಳಿಯಲಿಲ್ಲವೆಂದು ಮಧ್ಯಾಹ್ನ ಮತ್ತೆ ಕೊಟ್ಟೆ.

ಸಂಜೆ ಚಹಾಕ್ಕೆಂದು ಎದ್ದವರು ಗೋಡೆಗೊರಗಿ ಕುಸಿದರು. ಮೈಯೆಲ್ಲ ತಣ್ಣಗೆ, ಬೆವರು. ಮಗಳು ಶೀತಲ ರಿಕ್ಷಾ ತಂದಳು. ಮೈದುನ ಯಲ್ಲಾಲಿಂಗ ಅವರನ್ನು ಎತ್ತಿಕೊಂಡೇ ಮೆಟ್ಟಿಲು ಇಳಿದ.

ಆಸ್ಪತ್ರೆಯಲ್ಲಿ ಮಷಿನ್ ತೋರಿಸಿದ ಬಿ.ಪಿ. ಅರವತ್ತು. ಎರಡೂ ಕೈಗೆ ಸಲೈನು ಹಚ್ಚಿದರು, ಏರಲಿಲ್ಲ. ಶೀತಲಳ ಓರಗೆಯ ಡಾಕ್ಟರಮ್ಮ, ಏನು ಗುಳಿಗೆ ತೆಗೆದುಕೊಂಡಿದ್ದಾರೆಂದು ಹಿಂದಿಯಲ್ಲಿ ಕೇಳಿದಳು. ಇವರು ಕಣ್ಣು ಮುಚ್ಚಿಕೊಂಡೇ, “ದಿನಾ ತಗೊಳ್ಳೂದು” ಅಂದರು. ಯಲ್ಲಾಲಿಂಗ ನನ್ನನ್ನು ಬದಿಗೆ ಕರೆದ.

“ವೈನಿ, ಸುಮ್ನಿರ್ರಿ. ಹೆಚ್ಚ ಗುಳಗಿ ಕೊಟ್ಟೀನಿ ಅಂದ್ರ ಪೊಲೀಸ್ ಕೇಸ್ ಆಗ್ತೈತಿ. ಹೆಂಡ್ತೀನ ವಿಷಾ ಹಾಕ್ಯಾಳ ಅಂತಾರ.”

ಮಲ್ಲವ್ವ, ತಿರುಗಿ ನೋಡಿದರೆ ಮಷಿನ್‌ನಲ್ಲಿ ಐವತ್ತೆಂಟು.

“ಆಗ್ಲಿ ಬಿಡೋ. ಅವ್ರು ಉಳದ್ರ, ಅವ್ರ ಬಂದು ನನ್ನ ಬಿಡಿಸ್ತಾರ” ಅಂದೆ.

ಚೀಲದಿಂದ ಎರಡೂ ಗುಳಿಗೆಯ ಪಟ್ಟಿ ತೆಗೆದು ಡಾಕ್ಟರಮ್ಮನ ಕೈಗಿಟ್ಟು, ಬಂದಷ್ಟು ಹಿಂದಿಯಲ್ಲಿ ಎಲ್ಲ ನಾನೇ ಕೊಟ್ಟದ್ದೆಂದು ಹೇಳಿದೆ. “ಮೈನೇ ದಿಯಾ. ಸಬ್ ಮೈನೇ ದಿಯಾ.”

ಅವಳು ಬೈಯಲಿಲ್ಲ. ಎರಡೂ ಒಂದೇ ಔಷಧ, ಕಂಪನಿ, ಪವರು ಮಾತ್ರ ಬೇರೆ ಅಂದಳು. ಆಮೇಲೆ ಅಲ್ಲಿ ಯಾರೂ ನಿಂತಲ್ಲಿ ನಿಲ್ಲಲಿಲ್ಲ. ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರು. ಕುತ್ತಿಗೆಯ ನರಕ್ಕೆ ನಳಿಕೆ ಹಾಕಿ, ಬಿ.ಪಿ. ಏರಿಸುವ ಔಷಧವನ್ನು ಮಷಿನ್‌ನಿಂದ ಹನಿಹನಿಯಾಗಿ ಬಿಟ್ಟರು. ಸಕ್ಕರೆ ಕಾಯಿಲೆ ಇಲ್ಲದವರಿಗೆ ಇನ್ಸುಲಿನ್ನೂ ಕೊಟ್ಟರು. ಇಂಥ ಹೊತ್ತಿನಲ್ಲಿ ಅದು ಹೃದಯಕ್ಕೆ ಬಲ ಕೊಡುತ್ತದಂತೆ. ನೀವು ಹೇಳದಿದ್ದರೆ ನಾವು ಹಾರ್ಟ್ ಅಟ್ಯಾಕ್ ಎಂದು ಹುಡುಕುತ್ತ ಹೊತ್ತು ಕಳೆಯುತ್ತಿದ್ದೆವು ಎಂದಳು ಡಾಕ್ಟರಮ್ಮ.

ಮರುದಿನ ಬಿ.ಪಿ. ತೊಂಬತ್ತಕ್ಕೆ ಬಂತು. ಮೂರನೆಯ ದಿನ ಚಹಾ ಕೇಳಿದರು. ಹವಾಲ್ದಾರ ಬಂದು ನನ್ನ ಹೇಳಿಕೆ ಬರೆದುಕೊಂಡ. ಇದ್ದದ್ದನ್ನೇ ಹೇಳಿ ಕನ್ನಡದಲ್ಲಿ ಸಹಿ ಮಾಡಿದೆ. ಕೇಸು ಮುಂದುವರಿಯಲಿಲ್ಲ.

ಈಗ ಶೀತಲಳ ಹತ್ತಿರ ಇಂಗ್ಲಿಷ್ ಅಕ್ಷರ ಕಲಿಯುತ್ತಿದ್ದೇನೆ. ಮೊದಲು ಕಲಿತದ್ದು ನನ್ನ ಹೆಸರಲ್ಲ, ಆ ಔಷಧದ ಹೆಸರು. ಐವತ್ತಾರನೇ ವಯಸ್ಸಿಗೆ ಸ್ಲೇಟು ಹಿಡಿದಿದ್ದಾಳೆಂದು ಬಿಲ್ಡಿಂಗಿನವರು ನಗುತ್ತಾರೆ, ನಗಲಿ. ಔಷಧದ ಅಂಗಡಿಯಲ್ಲಿ ಪಟ್ಟಿಯ ಮೇಲಿನ ಹೆಸರು ಓದಿ ಅಂಗಡಿಯವನಿಂದ ಹೌದೆನಿಸಿಕೊಳ್ಳದೆ ನಾನು ಕದಲುವುದಿಲ್ಲ.

ಕೂಸಿಗೆ ನನ್ನ ಮುತ್ತು ಕೊಡು, ನೂರು ವರ್ಷ ಬಾಳಲಿ. ಬಾಣಂತಿಗೆ ತಣ್ಣೀರು ಮುಟ್ಟಗೊಡಬೇಡ.

ನಿನ್ನ
ಚಂದ್ರವ್ವ

ತಾ.ಕ.: ಮನೆಗೆ ಬಂದಾಗಿನಿಂದ ಅವರು ನನ್ನ ಕೈಯಿಂದ ಗುಳಿಗೆ ತೆಗೆದುಕೊಳ್ಳುವುದಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. “ಶೀತಲ ಕೊಡ್ಲಿ ಬಿಡು” ಅನ್ನುತ್ತಾರೆ, ಮೆಲ್ಲಗೆ. ಇವತ್ತು ಹೆಸರನ್ನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿ, ಗುಳಿಗೆ ನೀರು ಹಿಡಿದು ಮುಂದೆ ನಿಂತೆ. ಶೀತಲ ಸ್ನಾನ ಮುಗಿಸಿ ಬರುವವರೆಗೂ ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ನಾಳೆಯೂ ನಿಲ್ಲುತ್ತೇನೆ.